ರಾಶಿಯ ಭಾರ

ಸುಗ್ಗಿಯ ಕಾಲದಲ್ಲಿ ತೂರಿ ಗುಡ್ಡೆಹಾಕಿದ ಜೋಳದ ರಾಶಿಯು ಕಣದ ನಡುವೆ ಒಂದು ಚಿಕ್ಕ ಬೆಟ್ಟದಂತೆ ಸ್ಥಿರವಾಗಿ ನಿಂತಿರುತ್ತದೆ. ಅದರ ಬುಡದಿಂದ ಒಂದು ಕೊಳಗ ಕಾಳನ್ನು ತೆಗೆದರೆ ಮೇಲಿನ ಕಾಳು ನೀರಿನಂತೆ ಹರಿದುಬಂದು ಆ ತೆರಪನ್ನು ತುಂಬುತ್ತದೆ; ಸ್ವಲ್ಪ ದೂರ ಹರಿದ ಮೇಲೆ ತಾನಾಗಿಯೇ ನಿಲ್ಲುತ್ತದೆ. ಕಲ್ಲು ಹಾಗೆ ಹರಿಯಲಾರದು. ನೀರು ಹಾಗೆ ನಿಲ್ಲಲಾರದು. ಹೀಗೆ ಘನವೂ ಅಲ್ಲದ, ದ್ರವವೂ ಅಲ್ಲದ ಈ ವಸ್ತುವು ತನ್ನ ಭಾರವನ್ನು ಎಲ್ಲಿ ಇಳಿಸುತ್ತದೆ, ತನ್ನನ್ನು ತಡೆದ ಗೋಡೆಯನ್ನು ಎಷ್ಟು ಬಲದಿಂದ ನೂಕುತ್ತದೆ ಎಂಬ ಪ್ರಶ್ನೆಯು ಕೇಳುವುದಕ್ಕೆ ಸುಲಭವಾಗಿದ್ದರೂ ಅದಕ್ಕೆ ತೃಪ್ತಿಕರವಾದ ಉತ್ತರವು ದೊರೆಯಲು ನೂರೈವತ್ತು ವರ್ಷಗಳು ಹಿಡಿದುವು. ಆ ಉತ್ತರವು ವಿದ್ವಾಂಸರ ಕೊಠಡಿಯಲ್ಲಿ ಮಾತ್ರವೇ ಹುಟ್ಟಿದುದಲ್ಲ. ಕೋಟೆಯ ಗೋಡೆ, ವರ್ತಕರ ಉಗ್ರಾಣ, ರೈಲುದಾರಿಯ ಏರಿ ಇವುಗಳನ್ನು ಕಟ್ಟಿದವರೂ, ಕಟ್ಟಿ ಕಳೆದುಕೊಂಡವರೂ ಅದನ್ನು ತುಂಡುತುಂಡಾಗಿ ಸಂಪಾದಿಸಿದರು.

ಕಾಳಿಗೂ ಕಾಳಿಗೂ ನಡುವಣ ತಿಕ್ಕಾಟವೇ, ಎಂದರೆ ಘರ್ಷಣೆಯೇ, ರಾಶಿಯ ನಡವಳಿಕೆಗೆಲ್ಲ ಮೂಲವಾದುದು. ಯಂತ್ರಗಳಲ್ಲಿ ಘರ್ಷಣೆಯು ಶತ್ರುವೆಂದು ಎಣಿಸಲ್ಪಡುತ್ತದೆ. ಎಣ್ಣೆಯನ್ನು ಹಾಕಿ ಅದನ್ನು ಅಡಗಿಸಲು ಯತ್ನಿಸುವುದುಂಟು. ರಾಶಿಯಲ್ಲಾದರೋ ಅದೊಂದೇ ಆಧಾರ. ಒಣಗಿದ ಮರಳನ್ನು ಸುರಿದರೆ ಅದು ಸಾಧಾರಣವಾಗಿ ೩೦ರಿಂದ ೩೫ ಡಿಗ್ರಿಯ ಇಳಿಜಾರಿನಲ್ಲಿ ನಿಲ್ಲುತ್ತದೆ; ಅದಕ್ಕಿಂತ ಕಡಿದಾಗಿ ಸುರಿದುದು ಜಾರಿಹೋಗುತ್ತದೆ. ಫ್ರಾನ್ಸಿನ ಅಮೊಂತೋನ್ ಎಂಬಾತನು ೧೬೯೯ರಲ್ಲಿ ಘರ್ಷಣೆಯ ನಿಯಮವನ್ನು ವಿವರಿಸಿದನು. ಎರಡು ಮೈಗಳ ನಡುವಣ ಘರ್ಷಣೆಯು ಅವುಗಳನ್ನು ಒತ್ತುವ ಭಾರಕ್ಕೆ ಅನುಗುಣವಾಗಿರುವುದೇ ಹೊರತು ಅವು ತಾಗುವ ಜಾಗದ ವಿಸ್ತಾರಕ್ಕೆ ಅನುಗುಣವಾಗಿರುವುದಿಲ್ಲವೆಂಬುದೇ ಆ ನಿಯಮ. ಸಂಕ್ಷೇಪವಾಗಿ ಹೇಳುವುದಾದರೆ, ಒತ್ತಿದಷ್ಟೂ ಹಿಡಿತವು ಹೆಚ್ಚುತ್ತದೆ. ಮುಂದೆ ಬಂದ ಶಾಸ್ತ್ರವೆಲ್ಲವೂ ಈ ಒಂದು ಮಾತಿನ ವಿಸ್ತಾರವೆಂದರೆ ತಪ್ಪಾಗಲಾರದು.

ಈ ವಿಷಯದಲ್ಲಿ ಮೊದಲನೆಯ ದೊಡ್ಡ ಹೆಜ್ಜೆಯನ್ನಿಟ್ಟವನು ಶಾರ್ಲ್ ಆಗುಸ್ತೆನ್ ಕೂಲಂಬ್. ವಿದ್ಯುಚ್ಛಕ್ತಿಯ ಆಕರ್ಷಣ ವಿಕರ್ಷಣಗಳ ನಿಯಮದಿಂದ ಇವನ ಹೆಸರು ಶಾಲೆಯ ಹುಡುಗರಿಗೂ ಪರಿಚಿತವಾಗಿದೆ. ಆದರೆ ಇವನು ವೃತ್ತಿಯಿಂದ ಫ್ರೆಂಚ್ ಸೈನ್ಯದ ಇಂಜಿನಿಯರನಾಗಿದ್ದನು. ೧೭೩೬ರಲ್ಲಿ ಹುಟ್ಟಿ, ಮೆಜಿಯೇರಿನ ಸೈನಿಕ ಇಂಜಿನಿಯರಿಂಗ್ ಶಾಲೆಯಲ್ಲಿ ಕಲಿತು, ೧೭೬೪ರಲ್ಲಿ ಈತನು ಪಶ್ಚಿಮ ಇಂಡೀಸಿನ ಮಾರ್ತಿನಿಕ್ ದ್ವೀಪಕ್ಕೆ ಕಳುಹಿಸಲ್ಪಟ್ಟನು. ಗುಲಾಮರ ದುಡಿಮೆಯಿಂದ ಸಕ್ಕರೆಯನ್ನು ಬೆಳೆಯುತ್ತಿದ್ದ ಆ ದ್ವೀಪವನ್ನು ಇಂಗ್ಲಿಷರು ೧೭೬೨ರಲ್ಲಿ ಗೆದ್ದುಕೊಂಡಿದ್ದರು. ೧೭೬೩ರ ಪ್ಯಾರಿಸ್ ಒಪ್ಪಂದದಿಂದ ಅದು ಫ್ರೆಂಚರಿಗೆ ಹಿಂದಿರುಗಿತು. ಮತ್ತೊಮ್ಮೆ ಕೈತಪ್ಪದಂತೆ ಅಲ್ಲಿ ಬೂರ್ಬೋನ್ ಕೋಟೆಯನ್ನು ಕಟ್ಟುವ ಭಾರವು ಕೂಲಂಬನ ಮೇಲೆ ಬಿದ್ದಿತು. ಎಂಟು ವರ್ಷಗಳ ಕಾಲ ಅವನು ಅಲ್ಲಿ ದುಡಿದನು. ಮತ್ತೆ ಮತ್ತೆ ಕಾಯಿಲೆ ಬಿದ್ದು ಅವನ ಆರೋಗ್ಯವು ಹಾಳಾಯಿತು.

ಕೋಟೆಯ ಗೋಡೆಗೆ ಶತ್ರುವಿನ ಗುಂಡಿಗಿಂತ ಮೊದಲು ಅದರ ಬೆನ್ನಿಗೆ ತುಂಬಿದ ಮಣ್ಣಿನ ಕಾಟವಿರುತ್ತದೆ. ಗೋಡೆಯನ್ನು ತೆಳುವಾಗಿ ಕಟ್ಟಿದರೆ ಮಣ್ಣು ಅದನ್ನು ಮುಂದಕ್ಕೆ ಕೆಡಹುವುದು. ಬೇಕಾದುದಕ್ಕಿಂತ ದಪ್ಪವಾಗಿ ಕಟ್ಟಿದರೆ ಕಲ್ಲು, ಸುಣ್ಣ, ಕೂಲಿಗಳು ವ್ಯರ್ಥವಾಗುವುವು. ಆ ಕಾಲದ ಇಂಜಿನಿಯರುಗಳು ಹಿರಿಯರಿಂದ ಬಂದ ಅಳತೆಯ ಕೋಷ್ಟಕಗಳನ್ನು ನಂಬಿ ಕೆಲಸವನ್ನು ಸಾಗಿಸುತ್ತಿದ್ದರು. ಕೂಲಂಬನು ಕಾರಣವನ್ನು ಹುಡುಕಿದನು. ೧೭೭೨ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ಮರುವರ್ಷ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ತನ್ನ ಪ್ರಬಂಧವನ್ನು ಓದಿದನು. ಅದು ೧೭೭೬ರಲ್ಲಿ ಅಚ್ಚಾಯಿತು.

ಅವನ ವಿಚಾರಸರಣಿಯು ಗಣಿತವನ್ನು ಬಲ್ಲದವರಿಗೂ ತಿಳಿಯುವಂತಹುದು. ಗೋಡೆಯು ತುಸು ಮುಂದಕ್ಕೆ ಸರಿದರೆ ಅದರ ಹಿಂದಣ ಮಣ್ಣಿನಿಂದ ಬೆಣೆಯ ಆಕಾರದ ಒಂದು ಭಾಗವು ಬಿರಿದು, ಒಂದು ಓರೆಯಾದ ಮೈಯ ಮೇಲೆ ಕೆಳಕ್ಕೆ ಜಾರುತ್ತದೆ. ಗೋಡೆಯನ್ನು ನೂಕುವುದು ಈ ಬೆಣೆಯೇ. ಆ ಜಾರುವ ಮೈಯು ಬಹಳ ಕಡಿದಾಗಿದ್ದರೆ ಬೆಣೆಯು ಸಣ್ಣದು. ಜಾರುವುದು ಸುಲಭವಾದರೂ ಅದರ ತೂಕವು ಸ್ವಲ್ಪ. ಮೈಯು ಬಹಳ ಚಪ್ಪಟೆಯಾಗಿದ್ದರೆ ಬೆಣೆಯು ದೊಡ್ಡದು. ಆದರೆ ಅದರ ಭಾರವನ್ನೆಲ್ಲ ಘರ್ಷಣೆಯೇ ಹಿಡಿದುಕೊಳ್ಳುತ್ತದೆ. ಈ ಎರಡರ ನಡುವೆ ಎಲ್ಲಿಯೋ ಒಂದು ಬೆಣೆಯು ಎಲ್ಲಕ್ಕಿಂತ ಹೆಚ್ಚಾಗಿ ನೂಕುತ್ತದೆ. ಆ ಒಂದನ್ನು ತಡೆಯಬಲ್ಲ ಗೋಡೆಯು ಮಿಕ್ಕ ಎಲ್ಲವನ್ನೂ ತಡೆಯುತ್ತದೆ. ಮಣ್ಣಿನ ಘರ್ಷಣೆಯ ಕೋನವು ೩೦ ಡಿಗ್ರಿಯಾಗಿದ್ದು, ಗೋಡೆಯ ಬೆನ್ನು ನೆಟ್ಟಗೂ ನುಣುಪಾಗಿಯೂ ಇದ್ದರೆ, ಆ ಮಣ್ಣಿನಷ್ಟೇ ತೂಕದ ದ್ರವವು ನೂಕುವ ಬಲದಲ್ಲಿ ಮೂರರಲ್ಲೊಂದು ಪಾಲನ್ನು ಮಾತ್ರ ಮಣ್ಣು ನೂಕುವುದೆಂದು ಲೆಕ್ಕದಿಂದ ಹೊರಡುತ್ತದೆ. ಉಳಿದ ಎರಡು ಪಾಲನ್ನು ಘರ್ಷಣೆಯು ಸದ್ದಿಲ್ಲದೆ ಹೊರುತ್ತಿರುತ್ತದೆ.

ಕೂಲಂಬನು ಇನ್ನೊಂದು ಎಚ್ಚರಿಕೆಯ ಮಾತನ್ನೂ ಬರೆದಿದ್ದನು. ಮಣ್ಣಿನ ಬಲಕ್ಕೆ ಘರ್ಷಣೆ, ಅಂಟು ಎಂಬ ಎರಡು ಅಂಗಗಳುಂಟು. ಆದರೆ ಹೊಸದಾಗಿ ಅಗೆದು ತುಂಬಿದ ಮಣ್ಣಿನಲ್ಲಿ ಅಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು. ಗ್ಲಾಸ್ಗೋ ನಗರದ ಪ್ರೊಫೆಸರ್ ರ್‍ಯಾಂಕಿನನು ೧೮೫೭ರಲ್ಲಿ ಸಡಿಲವಾದ ಮಣ್ಣಿನ ಸ್ಥಿರತೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಅಂಟನ್ನು ಸಂಪೂರ್ಣವಾಗಿ ಬದಿಗಿಟ್ಟು ಘರ್ಷಣೆಯೊಂದರಿಂದಲೇ ರಾಶಿಯೊಳಗಿನ ಒತ್ತಡಗಳನ್ನು ಸಾಧಿಸಿದನು. ಈ ಇಬ್ಬರ ಲೆಕ್ಕಗಳನ್ನು ಇಂದಿಗೂ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯುತ್ತಾರೆ.

ಇಷ್ಟರಲ್ಲಿ ಪ್ರಶ್ನೆಯು ಕೋಟೆಯನ್ನು ಬಿಟ್ಟು ಪೇಟೆಗೆ ಬಂದಿತು. ಅದಕ್ಕೆ ಕಾರಣವು ವ್ಯಾಪಾರನೀತಿಯಲ್ಲಿ ಆದ ಬದಲಾವಣೆ. ಹೊರಗಿನ ಧಾನ್ಯದ ಮೇಲೆ ಭಾರಿ ಸುಂಕವನ್ನು ಹೇರಿದ್ದ ಕಾನೂನುಗಳನ್ನು ಬ್ರಿಟನ್ನಿನ ಪಾರ್ಲಿಮೆಂಟು ೧೮೪೬ರಲ್ಲಿ ರದ್ದುಪಡಿಸಿತು. ೧೮೫೪ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೂ ಕೆನಡಾದ ಕಡೆಯ ಬ್ರಿಟಿಷ್ ವಸಾಹತುಗಳಿಗೂ ಆದ ಪರಸ್ಪರ ವ್ಯಾಪಾರದ ಒಪ್ಪಂದದಿಂದ ಧಾನ್ಯ, ಹಿಟ್ಟು ಮೊದಲಾದ ಭೂಮಿಯ ಉತ್ಪನ್ನಗಳು ಸುಂಕವಿಲ್ಲದೆ ಗಡಿಯನ್ನು ದಾಟತೊಡಗಿದುವು. ೧೮೬೬ರಲ್ಲಿ ಆ ಒಪ್ಪಂದವು ಕೊನೆಗೊಂಡಿತು. ಒಪ್ಪಂದವು ಬಾಗಿಲನ್ನು ತೆರೆಯಬಲ್ಲದೇ ಹೊರತು ಆ ಬಾಗಿಲಿನಿಂದ ಸರಕನ್ನು ಸಾಗಿಸುವ ಸಾಧನವನ್ನು ಒದಗಿಸಲಾರದು. ತೆರೆದ ಬಾಗಿಲಿನ ಲಾಭವನ್ನು ಪಡೆಯಬೇಕಾದರೆ ವರ್ತಕನಿಗೆ ಹಡಗು, ಹಳಿ, ಉಗ್ರಾಣಗಳು ಬೇಕು.

ಆ ಸಾಧನವು ಎರೀ ಸರೋವರದ ದಂಡೆಯ ಬಫಲೋ ಪಟ್ಟಣದಲ್ಲಿ ಆಗಲೇ ಹುಟ್ಟಿದ್ದಿತು. ಅಲ್ಲಿ ಹಡಗಿನ ಗೋಧಿಯನ್ನು ಕೂಲಿಗಳು ಬೆನ್ನಿನ ಮೇಲೆ ಹೊತ್ತು ಇಳಿಸುತ್ತಿದ್ದರು. ಜೋಸೆಫ್ ಡಾರ್ಟ್ ಎಂಬ ವರ್ತಕನೂ ರಾಬರ್ಟ್ ಡನ್‌ಬಾರ್ ಎಂಬ ಇಂಜಿನಿಯರನೂ ೧೮೪೨ರಲ್ಲಿ, ಸಾಲಾಗಿ ಡಬ್ಬಿಗಳನ್ನು ಕಟ್ಟಿದ ಪಟ್ಟಿಯನ್ನು ಉಗಿಯಂತ್ರದಿಂದ ಸುತ್ತಿಸಿ, ಗೋಧಿಯನ್ನು ಬಿಡಿಯಾಗಿಯೇ ಎತ್ತರದ ಕಣಜಗಳಿಗೆ ಏರಿಸುವ ಉಗ್ರಾಣವನ್ನು ಕಟ್ಟಲು ತೊಡಗಿದರು. ಷಿಕಾಗೋ ನಗರದ ವರ್ತಕರ ಮಂಡಲಿಯು ೧೮೫೬ರಿಂದ ಗೋಧಿಯನ್ನು ದರ್ಜೆಗಳಾಗಿ ವಿಂಗಡಿಸಿತು. ಒಂದೇ ದರ್ಜೆಯ ಗೋಧಿಯನ್ನು, ಅದು ಯಾರದಾದರೂ ಸರಿಯೆ, ಒಂದೇ ರಾಶಿಯಲ್ಲಿ ಬೆರೆಸಬಹುದಾಯಿತು. ರೈತನ ಕೈಯಲ್ಲಿ ಚೀಲಗಳ ಬದಲು ಒಂದು ರಸೀತಿಯು ಉಳಿಯಿತು. ಚೀಲವು ಮಾಯವಾದಂತೆ ರಾಶಿಯು ಬೆಳೆಯಿತು. ಕಣಜಗಳು ಅಗಲಕ್ಕಿಂತ ಎತ್ತರದಲ್ಲಿ ಬೆಳೆದು ಗೋಪುರಗಳಾದುವು. ಅವು ಮೊದಲು ಮರದವು. ಬೆಂಕಿಗೆ ಸುಲಭವಾಗಿ ತುತ್ತಾಗುತ್ತಿದ್ದುವು. ಬೇರೆ ವಸ್ತುವಿನಿಂದ ಕಟ್ಟೋಣವೆಂದರೆ, ನೂರು ಅಡಿ ಎತ್ತರಕ್ಕೆ ತುಂಬಿದ ಗೋಧಿಯು ಗೋಡೆಯನ್ನು ಎಷ್ಟು ಬಲದಿಂದ ಒತ್ತುವುದೆಂಬುದು ತಿಳಿಯಬೇಕಾಗಿದ್ದಿತು.

ಕನ್ನಡನಾಡಿನ ಉತ್ತರಭಾಗದ ರೈತರು ಜೋಳವನ್ನು ನೆಲದಲ್ಲಿ ತೋಡಿದ ಹಗೇವಿನಲ್ಲಿ ತುಂಬಿಡುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಹಗೇವಿಗೆ ಸುತ್ತಲಿನ ನೆಲವೇ ಗೋಡೆ. ಕಾಳು ಹೊರಕ್ಕೆ ಒತ್ತಿದರೆ ಭೂಮಿಯು ಒಳಕ್ಕೆ ಒತ್ತಿ ಅದನ್ನು ತಡೆಯುವುದು. ನೆಲದ ಮೇಲೆ ನಿಂತ ಗೋಪುರಕ್ಕೆ ಹೊರಗಿನಿಂದ ಅಂತಹ ಆಸರೆ ಇಲ್ಲ. ಆದುದರಿಂದ ಒಳಗಿನ ಒತ್ತಡವನ್ನು ಅಳೆದು ತಿಳಿಯದೆ ಉಪಾಯವಿರಲಿಲ್ಲ.

ನೀರಿನ ಲೆಕ್ಕವನ್ನು ಹಾಕಿದವರಿಗೆ ಕಾಳಿನ ಒತ್ತಡವು ಭಯಂಕರವಾಗಿ ತೋರಿತು. ನೀರಿನಲ್ಲಿ ಆಳವು ಇಮ್ಮಡಿಯಾದರೆ ಒತ್ತಡವೂ ಇಮ್ಮಡಿಯಾಗುವುದು. ಆದರೆ ಕಾಳು ಈ ನಿಯಮಕ್ಕೆ ಒಳಗಾಗುವುದಿಲ್ಲವೆಂಬ ಸೂಚನೆಗಳು ಆಗಲೇ ದೊರೆತಿದ್ದುವು. ಪ್ರಷ್ಯದ ಇಂಜಿನಿಯರ್ ಹಾಗೆನ್ ೧೮೫೨ರಲ್ಲಿ ಒಣಮರಳಿನ ಒತ್ತಡವನ್ನೂ ಹರಿವನ್ನೂ ಪರೀಕ್ಷಿಸಿದ್ದನು. ತಳದ ತೂತಿನಿಂದ ಮರಳು ಸುರಿಯುವ ವೇಗವು ಮೇಲಿರುವ ಮರಳಿನ ಎತ್ತರವನ್ನು ಅವಲಂಬಿಸಿರುವುದಿಲ್ಲ. ನೀರಾದರೋ ಮಟ್ಟವು ತಗ್ಗಿದಂತೆಲ್ಲ ನಿಧಾನವಾಗಿ ಸುರಿಯುವುದು. ಹಿಂದಿನ ಕಾಲದವರ ಮರಳ ಗಡಿಯಾರವು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿ ಸುರಿಯುತ್ತಿದ್ದುದರ ಗುಟ್ಟು ಇದು. ಇಂಗ್ಲೆಂಡಿನ ಐಸಾಕ್ ರಾಬರ್ಟ್ಸನು ೧೮೮೦ರ ದಶಕದಲ್ಲಿ ಮಾದರಿ ಕಣಜಗಳಲ್ಲಿ ಗೋಧಿಯನ್ನು ತುಂಬಿ, ಒಂದು ಎತ್ತರವನ್ನು ಮೀರಿದ ಮೇಲೆ ಎಷ್ಟು ಸುರಿದರೂ ತಳದ ಒತ್ತಡವು ಹೆಚ್ಚುವುದಿಲ್ಲವೆಂದು ಕಂಡನು.

ಈ ವಿಚಿತ್ರಕ್ಕೆ ಸೂತ್ರವನ್ನು ಕೊಟ್ಟವನು ಜರ್ಮನಿಯ ಬ್ರೆಮೆನ್ ನಗರದ ಇಂಜಿನಿಯರ್ ಯಾನ್ಸೆನ್. ಚಚ್ಚೌಕವಾದ ಸಣ್ಣ ಕಣಜಗಳನ್ನು ಮಾಡಿ, ಗೋಡೆಗಳಿಗೆ ಬೇರೆ ಆಧಾರವನ್ನು ಕೊಟ್ಟು, ತಳವನ್ನು ಮಾತ್ರ ತಕ್ಕಡಿಯ ಮೇಲೆ ನಿಲ್ಲಿಸಿ ಅವನು ತೂಕವನ್ನು ನೋಡಿದನು. ೧೮೯೫ರಲ್ಲಿ ತನ್ನ ಫಲವನ್ನು ಪ್ರಕಟಿಸಿದನು. ಅವನ ವಾದವಿದು. ಕಣಜದೊಳಗಿನ ಕಾಳನ್ನು ತೆಳುವಾದ ಪದರಗಳೆಂದು ಭಾವಿಸಬೇಕು. ಪ್ರತಿಯೊಂದು ಪದರವೂ ಮೇಲಿನಿಂದ ಒತ್ತಲ್ಪಟ್ಟು ಪಕ್ಕದ ಗೋಡೆಯನ್ನು ಒತ್ತುತ್ತದೆ. ಒತ್ತಿದುದರಿಂದ ಗೋಡೆಗೂ ಕಾಳಿಗೂ ನಡುವೆ ಘರ್ಷಣೆ ಹುಟ್ಟುತ್ತದೆ. ಆ ಘರ್ಷಣೆಯ ಮೂಲಕ ಪದರದ ಭಾರದಲ್ಲಿ ಒಂದು ಪಾಲು ಗೋಡೆಗೆ ಇಳಿದು, ಉಳಿದುದು ಮಾತ್ರ ಕೆಳಗಿನ ಪದರಕ್ಕೆ ಹೋಗುತ್ತದೆ. ಆಳಕ್ಕೆ ಹೋದಂತೆ ಒತ್ತಡವು ಹೆಚ್ಚುತ್ತದೆ. ಅದರೊಡನೆ ಗೋಡೆಯ ಪಾಲೂ ಹೆಚ್ಚುತ್ತದೆ. ಕಡೆಗೆ ಹೊಸದಾಗಿ ಸೇರುವ ಭಾರವನ್ನೆಲ್ಲ ಗೋಡೆಯೇ ಹೊರುವ ಮಟ್ಟವು ಬಂದು, ಅಲ್ಲಿಂದ ಕೆಳಗೆ ಒತ್ತಡವು ಬೆಳೆಯದೆ ನಿಲ್ಲುತ್ತದೆ.

ಈ ಉತ್ತರದಲ್ಲಿ ಅಭಯವೂ ಇತ್ತು, ಎಚ್ಚರಿಕೆಯೂ ಇತ್ತು. ತಳವು ಭಾರದಿಂದ ಪಾರಾಯಿತು. ಆದರೆ ಆ ಭಾರವು ಇಲ್ಲದೆ ಹೋಗಲಿಲ್ಲ, ಗೋಡೆಯ ಮೇಲೆ ಕುಳಿತಿತು. ಗೋಡೆಯು ಹೊರಕ್ಕೆ ಸಿಡಿಯದಂತೆ ಕಟ್ಟಿದರೆ ಸಾಲದು, ಕೆಳಕ್ಕೆ ಕುಸಿಯದಂತೆಯೂ ಕಟ್ಟಬೇಕು. ಅಲ್ಲದೆ ೧೮೯೬ರಲ್ಲಿ ಪ್ರಾಂಟೆ ಎಂಬ ಜರ್ಮನ್ ಇಂಜಿನಿಯರನು, ಕಾಳನ್ನು ಕೆಳಗಿನಿಂದ ಹೊರಬಿಡುವಾಗ ಗೋಡೆಯ ಮೇಲಣ ಒತ್ತಡವು ಕಾಳು ಸುಮ್ಮನಿದ್ದಾಗಿನ ಒತ್ತಡಕ್ಕಿಂತ ಬಹಳ ಹೆಚ್ಚುವುದೆಂದು ಅಳೆದು ತೋರಿಸಿದನು. ನಿಂತ ರಾಶಿಯ ನ್ಯಾಯವು ಬೇರೆ, ಹರಿಯುವ ರಾಶಿಯ ನ್ಯಾಯವು ಬೇರೆ. ಹರಿಯುವ ಕಾಳಿನ ಮೇಲೆ ಕಾಲಿಟ್ಟ ಮನುಷ್ಯನು ಕೆಲವೇ ಕ್ಷಣಗಳಲ್ಲಿ ಸೊಂಟದವರೆಗೆ ಹೂತುಹೋಗುವನು. ಹೂತ ಮೇಲೆ ಅದೇ ಘರ್ಷಣೆಯು ಅವನನ್ನು ಹಿಡಿದುಕೊಳ್ಳುವುದರಿಂದ ಹತ್ತು ಜನ ಎಳೆದರೂ ಮೇಲೆ ಬರುವುದು ಕಷ್ಟ. ಇಂತಹ ಸಾವುಗಳು ಧಾನ್ಯಗೋಪುರಗಳಲ್ಲಿ ಇಂದಿಗೂ ಸಂಭವಿಸುತ್ತಿವೆ.

ಅಮೆರಿಕದ ಮಿನ್ನಿಯಾಪೊಲಿಸ್ ನಗರದ ಧಾನ್ಯವರ್ತಕ ಫ್ರಾಂಕ್ ಪೀವಿಯು ಬೆಂಕಿಗೆ ಅಂಜದ ಗೋಪುರವನ್ನು ಬಯಸಿ, ಚಾರ್ಲ್ಸ್ ಹ್ಯಾಗ್ಲಿನ್ ಎಂಬ ಕಂಟ್ರಾಕ್ಟರನಿಂದ ೧೮೯೯ರಲ್ಲಿ ಉಕ್ಕು ಹೆಣೆದ ಕಾಂಕ್ರೀಟಿನ ಒಂದು ದುಂಡು ಗೋಪುರವನ್ನು ಕಟ್ಟಿಸತೊಡಗಿದನು. ಅದು ೬೮ ಅಡಿ ಎತ್ತರಕ್ಕೆ ಬಂದಾಗ ಗೋಧಿಯನ್ನು ತುಂಬಿ ಚಳಿಗಾಲವನ್ನು ಕಳೆದರು. ಜನರು ಅದನ್ನು ಪೀವಿಯ ಹುಚ್ಚು ಎಂದು ಕರೆದರು. ಕಾಳನ್ನು ತೆಗೆಯುವಾಗ ಅದು ಖಂಡಿತ ಒಡೆಯುವುದೆಂದು ನುಡಿದರು. ೧೯೦೦ರ ವಸಂತದಲ್ಲಿ ನೋಡುವವರು ದೂರದಲ್ಲಿ ನಿಂತಿರಲು ಕಾಳನ್ನು ಹೊರಬಿಡಲಾಯಿತು. ಗೋಪುರವು ಒಂದಿಷ್ಟೂ ಕದಲಲಿಲ್ಲ. ಮುಂದೆ ಅದನ್ನು ೧೨೫ ಅಡಿಗಳಿಗೆ ಏರಿಸಿದರು. ಕಾಂಕ್ರೀಟಿನ ಧಾನ್ಯಗೋಪುರಗಳು ಉತ್ತರ ಅಮೆರಿಕದ ಬಯಲುಗಳಲ್ಲೆಲ್ಲ ಹರಡಲು ಈ ಪರೀಕ್ಷೆಯೇ ದಾರಿಯಾಯಿತು.

ಹೀಗೆ ಗೋಪುರದೊಳಗಿನ ರಾಶಿಯನ್ನು ಗೆದ್ದ ಮನುಷ್ಯನಿಗೆ ಗೋಪುರದ ಕೆಳಗಿನ ರಾಶಿಯು ಬೇರೊಂದು ಪಾಠವನ್ನು ಕಲಿಸಿತು. ಕೆನಡಾದ ವಿನಿಪೆಗ್ ನಗರದ ಸಮೀಪದ ಟ್ರಾನ್ಸ್‌ಕೋನಾದಲ್ಲಿ ಕೆನೇಡಿಯನ್ ಪೆಸಿಫಿಕ್ ರೈಲ್ವೆಯು ಹತ್ತು ಲಕ್ಷ ಬುಷೆಲ್ ಹಿಡಿಯುವ ಧಾನ್ಯಗೋಪುರವನ್ನು ಕಟ್ಟಿಸಿತು. ಹದಿಮೂರರಂತೆ ಐದು ಸಾಲುಗಳಲ್ಲಿ ೬೫ ದುಂಡು ಕಣಜಗಳು ಒಂದೇ ಕಾಂಕ್ರೀಟು ಚಪ್ಪಡಿಯ ಮೇಲೆ ನಿಂತಿದ್ದುವು. ೧೯೧೩ರ ಅಕ್ಟೋಬರ್ ೧೮ರಂದು, ಸುಮಾರು ೮,೭೫,೦೦೦ ಬುಷೆಲ್ ಗೋಧಿಯನ್ನು ತುಂಬಿದ್ದಾಗ, ಕಟ್ಟಡವು ನೆಲದೊಳಕ್ಕೆ ಇಳಿಯತೊಡಗಿತು. ಒಂದು ಗಂಟೆಯಲ್ಲಿ ಸುಮಾರು ಒಂದು ಅಡಿ ಇಳಿದು, ಅನಂತರ ಪಶ್ಚಿಮಕ್ಕೆ ವಾಲಿ, ಒಂದು ದಿನದೊಳಗೆ ಸುಮಾರು ೨೭ ಡಿಗ್ರಿ ಓರೆಯಾಗಿ ನಿಂತಿತು. ಆಶ್ಚರ್ಯವೆಂದರೆ ಕಣಜಗಳು ಒಡೆಯಲಿಲ್ಲ. ಅಷ್ಟು ಓರೆಯಾಗಿಯೂ ಗಟ್ಟಿಯಾಗಿ ಉಳಿದ ಅವುಗಳನ್ನು ಖಾಲಿ ಮಾಡಿ, ಕೆಳಗಿನ ಬಂಡೆಯವರೆಗೆ ಕಂಬಗಳನ್ನು ಇಳಿಸಿ, ಮತ್ತೆ ನೆಟ್ಟಗೆ ಎತ್ತಿ ನಿಲ್ಲಿಸಿ ಬಳಸಿದರು.

ಗೋಪುರದ ಗೋಡೆಯಲ್ಲಿ ದೋಷವಿರಲಿಲ್ಲ. ದೋಷವಿದ್ದುದು ನೆಲದ ತಿಳಿವಳಿಕೆಯಲ್ಲಿ. ತಳಹದಿಯ ಮಟ್ಟದಲ್ಲಿ ಸಣ್ಣ ಹಲಗೆಯ ಮೇಲೆ ಭಾರವನ್ನಿಟ್ಟು ನೆಲವನ್ನು ಪರೀಕ್ಷಿಸಿದ್ದರು. ಅದು ಗಟ್ಟಿಯಾಗಿಯೇ ತೋರಿತ್ತು. ಆದರೆ ಸಣ್ಣ ಹಲಗೆಯ ಭಾರವು ಮೇಲಿನ ಗಟ್ಟಿ ಜೇಡಿಯನ್ನು ಮಾತ್ರ ಮುಟ್ಟುವುದು; ವಿಶಾಲವಾದ ಚಪ್ಪಡಿಯ ಭಾರವು ಅದನ್ನು ದಾಟಿ ಆಳದಲ್ಲಿದ್ದ ಮೆತ್ತನೆಯ ಜೇಡಿಯವರೆಗೆ ಹೋಗುವುದು. ೧೯೫೦ರ ದಶಕದಲ್ಲಿ ಆ ನೆಲವನ್ನು ಕೊರೆದು ನೋಡಿ, ಅಷ್ಟು ಹೊತ್ತಿಗೆ ಬೆಳೆದಿದ್ದ ಶಾಸ್ತ್ರದಿಂದ ಲೆಕ್ಕ ಹಾಕಿದಾಗ, ನೆಲವು ಯಾವ ಭಾರಕ್ಕೆ ಸೋಲಬೇಕೆಂದು ಹೊರಟಿತೋ ಹೆಚ್ಚುಕಡಮೆ ಅದೇ ಭಾರಕ್ಕೆ ಸೋತಿದ್ದಿತು. ಲೆಕ್ಕವು ಸರಿಯಾಯಿತು, ನಾಲ್ವತ್ತು ವರ್ಷ ತಡವಾಗಿ.

ಜೇಡಿಯ ಸ್ವಭಾವವನ್ನು ಕುರಿತು ಫ್ರಾನ್ಸಿನ ಕೊಲೆನ್ ೧೮೪೬ರಲ್ಲಿಯೇ ಒಂದು ಗ್ರಂಥವನ್ನು ಬರೆದಿದ್ದನು. ಅದು ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿಯಿತು. ಈ ಅಲಕ್ಷ್ಯದ ಬೆಲೆಯು ದೊಡ್ಡದಾಯಿತು. ೧೯೧೮ರ ಅಕ್ಟೋಬರ್ ೧ರಂದು ಸ್ವೀಡನ್ನಿನ ಗೇಟೋ ಎಂಬಲ್ಲಿ ರೈಲುದಾರಿಯ ಏರಿಯು ಜಾರಿ, ಬರುತ್ತಿದ್ದ ರೈಲು ಉರುಳಿ ೪೦ಕ್ಕೂ ಹೆಚ್ಚು ಜನರು ಸತ್ತರು. ಆ ದೇಶದ ರೈಲ್ವೆಯವರು ನೇಮಿಸಿದ್ದ ಸಮಿತಿಯು ನೂರಾರು ಜಾಗಗಳ ಮಣ್ಣನ್ನು ಪರೀಕ್ಷಿಸಿ ೧೯೨೨ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು.

ಕೊನೆಯ ಕೀಲಿಯು ಕಾರ್ಲ್ ಟೆರ್ಜಾಗಿಯ ಕೈಗೆ ಸಿಕ್ಕಿತು. ೧೮೮೩ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಈ ಇಂಜಿನಿಯರನು ಇಸ್ತಾಂಬುಲ್ ನಗರದಲ್ಲಿ ಅಧ್ಯಾಪಕನಾಗಿದ್ದಾಗ, ಕೈಗೆ ಸಿಕ್ಕ ಸಾಮಾನುಗಳಿಂದಲೇ ಉಪಕರಣಗಳನ್ನು ಮಾಡಿಕೊಂಡು ಮರಳು ಜೇಡಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದನು. ೧೯೨೫ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಅವನ ಗ್ರಂಥದಿಂದ ಮಣ್ಣಿನ ಬಲಶಾಸ್ತ್ರವೆಂಬ ಹೊಸ ಶಾಸ್ತ್ರವೇ ಆರಂಭವಾಯಿತು. ತೊಯ್ದ ಮಣ್ಣಿನಲ್ಲಿ ಮೇಲಿನ ಭಾರವನ್ನು ಹೊರುವವರು ಇಬ್ಬರು: ಒಂದು ಪಾಲನ್ನು ಕಣಗಳು ಪರಸ್ಪರ ತಾಗಿ ಹೊರುವುವು, ಇನ್ನೊಂದು ಪಾಲನ್ನು ಸಂದುಗಳಲ್ಲಿರುವ ನೀರು ಹೊರುವುದು. ಘರ್ಷಣೆಯು ಹುಟ್ಟುವುದು ಕಣಗಳು ಹೊತ್ತ ಪಾಲಿನಿಂದ ಮಾತ್ರ. ಏಕೆಂದರೆ ನೀರಿಗೆ ಜಾರುವಿಕೆಯನ್ನು ತಡೆಯುವ ಶಕ್ತಿಯಿಲ್ಲ. ನೀರಿನ ಒತ್ತಡವು ಏರಿದಂತೆಲ್ಲ ಕಣಗಳ ಹಿಡಿತವು ಸಡಿಲವಾಗುವುದು. ಒತ್ತಿದಷ್ಟೂ ಹಿಡಿತ ಹೆಚ್ಚೆಂಬ ಹಳೆಯ ನಿಯಮಕ್ಕೆ, ಒತ್ತುವವರು ಯಾರೆಂಬುದನ್ನು ಟೆರ್ಜಾಗಿಯು ಸೇರಿಸಿದನು.

ಜಪಾನಿನ ನೀಗಾಟಾ ನಗರದಲ್ಲಿ ೧೯೬೪ರ ಜೂನ್ ೧೬ರ ಭೂಕಂಪವು ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿತು. ತೊಯ್ದ ಸಡಿಲ ಮರಳು ಅಲುಗಿದಾಗ ಭಾರವೆಲ್ಲ ನೀರಿನ ಮೇಲೆ ಬಿದ್ದು, ಮರಳು ದ್ರವದಂತಾಗಿ, ಹಲವು ಅಂತಸ್ತಿನ ವಸತಿ ಕಟ್ಟಡಗಳು ಒಡೆಯದೆಯೇ ಮಲಗಿದುವು. ೨೦೦೧ರ ಜನವರಿ ೨೬ರ ಭೂಕಂಪದಲ್ಲಿ ಕಛ್ ರಣದ ನೆಲದಲ್ಲಿಯೂ ಇದೇ ದ್ರವೀಭಾವವು ಕಾಣಿಸಿಕೊಂಡಿತು.

ಭೂಕಂಪವಿಲ್ಲದೆಯೂ ನೀರು ಈ ಕೆಲಸವನ್ನು ಮಾಡಬಲ್ಲದು. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ, ೨೦೨೪ರ ಜುಲೈ ೧೬ರಂದು ಉತ್ತರ ಕನ್ನಡದ ಶಿರೂರಿನಲ್ಲಿಯೂ ಬಿರುಮಳೆಯ ನಡುವೆ ಗುಡ್ಡಗಳು ಜಾರಿ ಜೀವಗಳು ಹೋದುವು. ಬೇಸಿಗೆಯಲ್ಲಿ ಕಡಿದಾಗಿ ನಿಲ್ಲುವ ಮಣ್ಣು ಮಳೆಗಾಲದಲ್ಲಿಯೂ ಹಾಗೆಯೇ ನಿಲ್ಲುವುದೆಂದು ನಂಬಿ ಗುಡ್ಡದ ಬುಡವನ್ನು ಕತ್ತರಿಸುವುದು ಅಪಾಯಕರ. ಬುಡವನ್ನು ಕತ್ತರಿಸಿದರೆ ಕೂಲಂಬನ ಬೆಣೆಗೆ ತಡೆಯು ತಪ್ಪುತ್ತದೆ. ಸಂದುಗಳಲ್ಲಿ ನೀರು ತುಂಬಿದರೆ ಘರ್ಷಣೆಯ ಆಸರೆಯೂ ತಪ್ಪುತ್ತದೆ. ಮಣ್ಣನ್ನು ತಡೆದು ನಿಂತ ಗೋಡೆಗಳಲ್ಲಿ ಸಾಲಾಗಿ ಬಿಟ್ಟಿರುವ ಸಣ್ಣ ತೂತುಗಳನ್ನು ಎಲ್ಲರೂ ನೋಡಿರಬಹುದು. ಒಳಗಿನ ನೀರು ಹೊರಗೆ ಹರಿದುಹೋಗಲೆಂದು ಅವನ್ನು ಬಿಟ್ಟಿರುತ್ತಾರೆ. ಅವು ಮುಚ್ಚಿಹೋಗಿ ಬೆನ್ನಿನ ಮಣ್ಣಿನಲ್ಲಿ ನೀರು ನಿಂತರೆ, ಗೋಡೆಯ ಮೇಲಣ ನೂಕು ಒಣಮಣ್ಣಿನ ನೂಕಿನ ಎರಡು ಪಟ್ಟನ್ನೂ ಮೀರಬಹುದು. ನೂರೈವತ್ತು ವರ್ಷಗಳಲ್ಲಿ ಸಂಪಾದಿಸಿದ ಶಾಸ್ತ್ರವು ಎಷ್ಟೋ ಗೋಡೆಗಳಲ್ಲಿ ಆ ಒಂದು ತೂತಿನ ರೂಪದಲ್ಲಿ ನೆಲಸಿದೆ. ಮಳೆಗಾಲಕ್ಕೆ ಮುನ್ನ ಅದನ್ನು ಕೆದಕಿ ತೆರೆದಿಡುವುದಕ್ಕೆ ಒಂದು ಕಡ್ಡಿ ಸಾಕು.